ಬ್ಯಾಂಕುಗಳ ತವರೂರಂತೆ!

ಮೊನ್ನೆ ಉಡುಪಿಯಲ್ಲಿ ಒಂದು ಕಾರ್ಯಕ್ರಮ, ನಿರೂಪಕರು ಮೈಕ್ ಹಿಡ್ಕೊಂಡು "ಬ್ಯಾಂಕುಗಳ ತವರೂರಿಗೆ ತಮಗೆಲ್ಲ ಸ್ವಾಗತ" ಅಂದ್ರು, ಸಭೆಯಿಡೀ ಚಪ್ಪಾಳೆ. ನಂಗೆ ಪಿತ್ತ ನೆತ್ತಿಗೇರಿತು. ಯಾವ ಬ್ಯಾಂಕ್ ಉಳಿದಿದೆ ಮಾರಾಯ್ರೆ ಇಲ್ಲಿ?

1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಶುರು ಮಾಡಿದ್ದು ಕಾರ್ಪೊರೇಷನ್ ಬ್ಯಾಂಕ್ ಆಯ್ತು, ಅದೇ ವರ್ಷ ಮಂಗಳೂರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ, 1924ರಲ್ಲಿ ಕರ್ಣಾಟಕ ಬ್ಯಾಂಕ್, ಮರುವರ್ಷ ಸಿಂಡಿಕೇಟ್, 1931ರಲ್ಲಿ ಎ.ಬಿ. ಶೆಟ್ಟರ ವಿಜಯಾ. ಇಪ್ಪತ್ತೈದೇ ವರ್ಷದಲ್ಲಿ ಐದು! ಈಗ? ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ವಿಲೀನ, 2020ರ ಏಪ್ರಿಲ್ ಒಂದಕ್ಕೆ ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕೊಳಗೆ. ಕೆನರಾದ ಹೆಡ್ ಆಫೀಸು ಬೆಂಗಳೂರಲ್ಲಿ. ಇಲ್ಲೇ ಗಟ್ಟಿ ಕೂತದ್ದು ಕರ್ಣಾಟಕ ಬ್ಯಾಂಕ್ ಒಂದೇ, ಅದೂ ಮಂಗಳೂರಲ್ಲಿ. ಉಡುಪಿಗೆ ಉಳಿದದ್ದು ಬಿರುದು, ಅಷ್ಟೇ. ಅಷ್ಟುದ್ದ ಭಾಷಣದಲ್ಲಿ ಹಾಜಿ ಅಬ್ದುಲ್ಲಾರ ಹೆಸರು ಒಬ್ಬರ ಬಾಯಲ್ಲೂ ಬರ್ಲಿಲ್ಲ ಅದು ಬೇರೆ.

"ಬ್ಯಾಂಕ್ ದೊಡ್ಡದಾಗ್ಬೇಕಲ್ವಾ, ಸಣ್ಣದು ಇಟ್ಕೊಂಡು ಎಂತ ಮಾಡ್ಲಿಕ್ಕುಂಟು" ಅಂತ ಬ್ಯಾಂಕಿಂದ ರಿಟೈರ್ ಆದ ಸ್ನೇಹಿತರೊಬ್ಬರು ಸಮಾಧಾನ ಮಾಡಿದ್ರು. ಆಯ್ತು, ಆಗ್ಲಿ, ಬ್ಯಾಲೆನ್ಸ್ ಶೀಟ್ ನಂಗೆ ಅರ್ಥ ಆಗುದಿಲ್ಲ ಅಂತಲೇ ಇಟ್ಕೊಳ್ಳಿ. ಆದ್ರೆ ಈ ಊರಿಗೆ ಆ ಹೆಸರು ಬಂದದ್ದು ದೊಡ್ಡ ದುಡ್ಡಿಂದ ಅಲ್ಲವಲ್ಲ! ಕಾರ್ಪೊರೇಷನ್ ಬ್ಯಾಂಕಿನ ಮೊದಲ ದಿನದ ಜಮೆ 38 ರೂಪಾಯಿ 13 ಆಣೆ 2 ಪೈ. 1928ರಲ್ಲಿ ಸಿಂಡಿಕೇಟಿನವರು ಪಿಗ್ಮಿ, ಅಂದ್ರೆ ದಿನಾ ಚಿಲ್ಲರೆ ಕಟ್ಟುವ ಉಳಿತಾಯ, ಶುರು ಮಾಡಿದಾಗ ಏಜೆಂಟರು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಕಲೆಕ್ಟ್ ಮಾಡಿದ್ದು. ಬ್ಯಾಂಕಿನ ಮೆಟ್ಟಿಲು ಹತ್ತಲಿಕ್ಕೆ ಹೆದರುವವರ ಹತ್ರ ಬ್ಯಾಂಕೇ ನಡ್ಕೊಂಡು ಹೋದದ್ದು.

ನಾನು ಸಣ್ಣದಿರುವಾಗ ಅಪ್ಪ ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಸರಿಯಾಗಿ ಪಿಗ್ಮಿಯವರು ಹಾಜರ್, ಹೆಗಲಲ್ಲಿ ರೆಕ್ಸಿನ್ ಚೀಲ, ಕಿಸೆಯಲ್ಲಿ ಪೆನ್ನು. ವ್ಯಾಪಾರ ಇಲ್ಲದ ದಿನ ಅಪ್ಪ "ನಾಳೆ ಕೊಡ್ತೇನೆ ಮಾರಾಯ" ಅಂದ್ರೂ ಬಿಡುದಿಲ್ಲ, ಐದು ರೂಪಾಯಿಯಾದ್ರೂ ತೆಗೆಸಿ ಕಾರ್ಡಲ್ಲಿ ಬರ್ದೇ ಹೋಗುದು. ನನ್ನ ಡಿಗ್ರಿ ಫೀಸು ಕಟ್ಟಿದ್ದು ಆ ಪಿಗ್ಮಿ ಕ್ಲೋಸ್ ಮಾಡಿ. ಹಾಗಾಗಿ ನನ್ನ ಸಿಟ್ಟಲ್ಲಿ ಸ್ವಲ್ಪ ಸ್ವಂತದ್ದೂ ಉಂಟು, ಬೇಕಿದ್ರೆ ನಗಾಡಿ.

ಈಗ ನಮ್ಮ ಬ್ರಾಂಚಿಗೆ ಹೋದ್ರೆ (ಯಾವ ಬ್ಯಾಂಕ್ ಅಂತ ಕೇಳ್ಬೇಡಿ) ಕೌಂಟರಲ್ಲಿ ಕೂತ ಹುಡುಗನಿಗೆ ತುಳುವೂ ಇಲ್ಲ, ಕನ್ನಡವೂ ಇಲ್ಲ. ಪೆನ್ಷನ್ ದುಡ್ಡು ತೆಗೀಲಿಕ್ಕೆ ಬಂದ ಅಜ್ಜಿಗೆ ಹಿಂದಿಯಲ್ಲಿ ಆ್ಯಪ್ ಡೌನ್‌ಲೋಡ್ ಮಾಡಿ ಅಂತಿದ್ದಾನೆ! ಪಾಪ ಅವನ ತಪ್ಪಲ್ಲ, ಪೋಸ್ಟಿಂಗ್ ಹಾಕಿದವರು ಬೇರೆ. ಕೊನೆಗೆ ಅಜ್ಜಿಗೆ ತುಳುವಲ್ಲಿ ಕೇಳಿ ಸ್ಲಿಪ್ ಬರ್ದು ಕೊಟ್ಟದ್ದು ನಾನು, ಸಂಬಳ ಮಾತ್ರ ಅವನಿಗೆ.