ಕೇಳದೆ ಬಡಿಸುವ ಕರ್ನಲ್

ಗಂಗಾವತಿ, ಕಾರಟಗಿ ಕಡೆಯ ಕೆಲವು ಅಕ್ಕಿ ಗಿರಣಿಗಳ ಲೆಕ್ಕದ ಸರ್ವರ್ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಕೆಲವು ವರ್ಷಗಳ ಹಿಂದೆ, ಸುಗ್ಗಿಯಲ್ಲಿ ಭತ್ತದ ಲಾರಿಗಳು ಸಾಲುಗಟ್ಟಿದ್ದಾಗಲೇ ತೂಕದ ಚೀಟಿ ಆಗಾಗ ತಡೆದು ನಿಲ್ಲುತ್ತಿತ್ತು. ಕ್ಷಣಕಾಲ ಅಷ್ಟೇ, ಮತ್ತೆ ಸರಾಗ. ಅಷ್ಟರಲ್ಲಿ ಸಾಹುಕಾರರ ಫೋನ್: “ನಿಮ್ಮ ಕಂಪ್ಯೂಟರ್‌ಗೆ ಮತ್ತೆ ನಿದ್ದೆ ಬಂತೇನು?”

ನಾಲ್ಕು ರಾತ್ರಿ ಕೆದಕಿದ ಮೇಲೆ ಕಳ್ಳ ಸಿಕ್ಕಿದ್ದು ಲಿನಕ್ಸ್ ಕರ್ನಲ್‌ನ, ಅಂದರೆ ಆ ಕಾರ್ಯವ್ಯವಸ್ಥೆಯ ತಿರುಳಿನ, ಒಂದು ಪುಟ್ಟ ಕಡತದಲ್ಲಿ. ಪ್ರೋಗ್ರಾಮುಗಳಿಗೆ ಮೆಮೊರಿಯನ್ನು ದೊಡ್ಡ ತುಂಡುಗಳಲ್ಲಿ ಕೊಡಬೇಕೇ ಎಂದು ಹೇಳುವ ಕಡತ ಅದು. ಅದರಲ್ಲಿ ಮೂರೇ ಪದ: ಆಲ್ವೇಸ್ (ಯಾವಾಗಲೂ), ಮ್ಯಾಡ್ವೈಸ್ (ಕೇಳಿದವರಿಗೆ ಮಾತ್ರ), ನೆವರ್ (ಎಂದೂ ಇಲ್ಲ). ಚೌಕ ಕಂಸ ಯಾವುದರ ಸುತ್ತ ಇದೆಯೋ ಅದೇ ಜಾರಿಯಲ್ಲಿರುತ್ತದೆ. ನಮ್ಮಲ್ಲಿ ಆಲ್ವೇಸ್ ಇತ್ತು.

ಸಾಮಾನ್ಯವಾಗಿ ಮೆಮೊರಿಯ ಒಂದು ತುಂಡು, ಅಂದರೆ ಪುಟ, 4 ಕೆಬಿ. 2011ರಲ್ಲಿ 2.6.38ನೇ ಆವೃತ್ತಿಯಿಂದ ಕರ್ನಲ್ ತಾನಾಗಿಯೇ 2 ಎಂಬಿಯ ದೊಡ್ಡ ಪುಟ ಕೊಡಲು ಕಲಿಯಿತು. 512 ಸಣ್ಣ ಪುಟಗಳಿಗೆ ಒಂದೇ ವಿಳಾಸದ ನಮೂದು ಸಾಕು. ಪ್ರೊಸೆಸರ್ ಕೈಯಳತೆಯಲ್ಲಿ ಇಟ್ಟುಕೊಳ್ಳಬಲ್ಲ ನಮೂದುಗಳು ಕಡಿಮೆಯಾದ್ದರಿಂದ ಇದರ ಲಾಭ ನಿಜವಾದದ್ದೇ. ಆದರೆ ಚೀಟಿಗಳ ಮಾಹಿತಿಯನ್ನು ಮೆಮೊರಿಯಲ್ಲೇ ಇಟ್ಟುಕೊಳ್ಳುವ ನಮ್ಮ ಡೇಟಾಬೇಸ್ ರೆಡಿಸ್, ಅದನ್ನು ಡಿಸ್ಕ್‌ಗೆ ಉಳಿಸುವಾಗ ತನ್ನದೇ ಒಂದು ಪ್ರತಿರೂಪ ಹುಟ್ಟಿಸುತ್ತದೆ, ಆ ಹೊತ್ತಿನಲ್ಲಿ ಬದಲಾದ ಪುಟ ಮಾತ್ರ ನಕಲಾಗುತ್ತದೆ. ಆಗಿನ ನಮ್ಮ ಹಳೆಯ ಕರ್ನಲ್‌ನಲ್ಲಿ ಒಂದು ಚೀಟಿಯ ಅಂಕಿ ತಿದ್ದಿದರೂ ಪೂರ್ತಿ 2 ಎಂಬಿ ನಕಲು. ತೇವ ನೋಡಲು ಒಂದು ಹಿಡಿ ಭತ್ತ ಕೇಳಿದರೆ ಇಡೀ ಲಾರಿ ಇಳಿಸಿದಂತೆ!

ಹಾಗಾಗಿ ನನ್ನ ಪಟ್ಟು ಇದು: ಯಾರೂ ಸೆಟ್ಟಿಂಗ್ ಮುಟ್ಟದ ಯಂತ್ರದಲ್ಲಿ ಮ್ಯಾಡ್ವೈಸ್ ಇರಲಿ. ದೊಡ್ಡ ಪುಟ ಬೇಕೆಂದು ಕೇಳಿದ ಪ್ರೋಗ್ರಾಮಿಗೆ ಕೊಡಲಿ, ಸುಮ್ಮನಿದ್ದವರ ಎಲೆಗೆ ಸುರಿಯುವುದು ಬೇಡ. “ಹೆಚ್ಚಿನ ಪ್ರೋಗ್ರಾಮುಗಳು ಕೇಳುವುದೇ ಇಲ್ಲ, ಅವಕ್ಕೆ ಲಾಭ ತಪ್ಪುತ್ತದೆ” ಎಂದು ಬೆಂಗಳೂರಿನ ಗೆಳೆಯ ವಾದಿಸುತ್ತಾನೆ. ಒಪ್ಪುತ್ತೇನೆ. ಆದರೆ ತುಸು ನಿಧಾನವಾದದ್ದು ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ. ಕಾರಣ ತಿಳಿಯದ ತಡೆ ಕೆಡಿಸುತ್ತದೆ.

ಹಾಗೆಂದು ನೆವರ್ ಎಂದು ಬೀಗ ಜಡಿಯುವವರ ಪಕ್ಷವೂ ನನ್ನದಲ್ಲ. ವರ್ಷಗಟ್ಟಲೆ ದೊಡ್ಡ ಪುಟಗಳನ್ನು ಬಂದ್ ಮಾಡಿ ಎನ್ನುತ್ತಿದ್ದ ಮೊಂಗೋಡಿಬಿ ಎಂಬ ಇನ್ನೊಂದು ಡೇಟಾಬೇಸ್, ತನ್ನ 8.0 ಆವೃತ್ತಿಯಿಂದ ಚಾಲೂ ಮಾಡಿ ಎನ್ನುತ್ತಿದೆ.

ಆ ರಾತ್ರಿ ಪದ ಬದಲಿಸಿ ರೆಡಿಸ್ ಅನ್ನು ಮತ್ತೆ ಚಾಲೂ ಮಾಡಿದೆ, ಚೀಟಿಗಳು ಓಡಿದವು. ಆಮೇಲೆ ಹಳೆಯ ಲಾಗ್ ತೆರೆದರೆ, ಈ ದೊಡ್ಡ ಪುಟಗಳಿಂದ ತಡವಾಗುತ್ತದೆ ಎಂದು ರೆಡಿಸ್ ಮೊದಲ ದಿನವೇ ಎಚ್ಚರಿಸಿತ್ತು. ಸಾಹುಕಾರರು ಫೇಸ್‌ಬುಕ್‌ನಲ್ಲಿಲ್ಲ ಎಂಬ ಧೈರ್ಯದಿಂದ ಇದನ್ನು ಬರೆಯುತ್ತಿದ್ದೇನೆ.