ಜಾನೆಟ್ ರೌಲಿ ಅವರನ್ನು ಮರೆಯಬಾರದಿತ್ತು

ರಕ್ತದ ಕ್ಯಾನ್ಸರ್‌ಗೆ ಕೊಡುವ ಇಮ್ಯಾಟಿನಿಬ್ ಮಾತ್ರೆಯ ಕುರಿತ ಲೇಖನ ಓದಿದೆ. ಮಾತ್ರೆಯ ಹಿಂದಿರುವ ವೈದ್ಯ ಬ್ರಯಾನ್ ಡ್ರೂಕರ್ ಅವರ ಶ್ರಮವನ್ನು ಅದು ಮನಮುಟ್ಟುವಂತೆ ಹೇಳಿದೆ. ಆದರೆ ತಳಿವಿಜ್ಞಾನಿ ಜಾನೆಟ್ ರೌಲಿ ಅವರ ಹೆಸರು ಒಂದು ಕಡೆಯೂ ಇಲ್ಲದಿರುವುದು ನನಗೆ ನೋವು ತಂದಿತು. ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾ ಎಂಬ ಆ ರಕ್ತದ ಕ್ಯಾನ್ಸರ್‌ನ ರೋಗಿಗಳಲ್ಲಿ ತುಂಡಾಗಿ ಗಿಡ್ಡವಾದ ವರ್ಣತಂತುವೊಂದು (ಜೀವಕೋಶದೊಳಗೆ ವಂಶವಾಹಿಗಳನ್ನು ಹೊತ್ತ ಎಳೆ) ಇರುವುದು 1960ರಲ್ಲೇ ಗೊತ್ತಾಗಿತ್ತು. ಅದರ ಉಳಿದ ತುಂಡು ಏನಾಯಿತು? ಷಿಕಾಗೋದ ರೌಲಿ ವರ್ಣತಂತುಗಳ ಚಿತ್ರಗಳನ್ನು ಕತ್ತರಿಸಿ, ಮನೆಯ ಊಟದ ಮೇಜಿನ ಮೇಲೆ ಹರಡಿಕೊಂಡು, ಒಂದೊಂದನ್ನೇ ಹೋಲಿಸಿ ನೋಡುತ್ತಿದ್ದವರು. ಆ ತುಂಡು ಕಳೆದುಹೋಗಿಲ್ಲ, 9ನೆಯ ವರ್ಣತಂತುವಿಗೆ ಹೋಗಿ ಅಂಟಿಕೊಂಡಿದೆ ಎಂದು 1973ರಲ್ಲಿ ತೋರಿಸಿಕೊಟ್ಟರು. ಎರಡು ವರ್ಣತಂತುಗಳ ತುಂಡುಗಳ ಈ ಅದಲುಬದಲಿನಿಂದ ಹುಟ್ಟುವ ಬಿಸಿಆರ್-ಎಬಿಎಲ್ ಪ್ರೋಟೀನು ರಕ್ತಕಣಗಳು ಬಿಡುವಿಲ್ಲದೆ ವಿಭಜನೆಯಾಗುವಂತೆ ಮಾಡುತ್ತದೆ. 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಇಮ್ಯಾಟಿನಿಬ್ ಅಡ್ಡಗಟ್ಟುವುದು ಇದನ್ನೇ. ಲೇಖಕರು ದಯವಿಟ್ಟು ರೌಲಿ ಅವರ ಬಗ್ಗೆಯೂ ಬರೆಯಬೇಕು; ಓದಲು ಕಾಯುತ್ತಿರುತ್ತೇನೆ.