ಹಾಸಿಗೆ ಸಮೇತ ತಾತ್ಕಾಲಿಕ

ನಮ್ಮ ಚಿಕ್ಕಪ್ಪ ಫೋನ್ ಮಾಡಿದಾಗಲೆಲ್ಲ ಕೇಳುವ ಪ್ರಶ್ನೆ ಒಂದೇ. "ಕೆಲಸ ಪರ್ಮನೆಂಟ್ ಆಯ್ತೇನೋ?"

ಸಂಬಳ ಎಷ್ಟು ಅಂತ ಕೇಳುವವರಲ್ಲ. ಏನು ಕೆಲಸ ಅಂತಲೂ ಕೇಳುವವರಲ್ಲ. ಪರ್ಮನೆಂಟ್ ಒಂದಾದರೆ ಸಾಕು. ನಾನು ಕೆನಡಾಕ್ಕೆ ಬಂದು, ಪರ್ಮನೆಂಟ್ ರೆಸಿಡೆಂಟ್ ಕಾರ್ಡ್ ಕೈಗೆ ಬಂದ ದಿನ ಅವರಿಗಾದ ಖುಷಿ ಅಷ್ಟಿಷ್ಟಲ್ಲ. ಕೆಲಸ ಹಾಗಿರಲಿ, ಹುಡುಗನೇ ಪರ್ಮನೆಂಟ್ ಆಗಿಬಿಟ್ಟಿದ್ದಾನೆ ಅಂತ ನೆಂಟರಿಷ್ಟರಿಗೆಲ್ಲ ಹೇಳಿಕೊಂಡು ಬಂದರು. ಆಮೇಲೆ ಐದು ವರ್ಷದಲ್ಲಿ 1,095 ದಿನ ಇಲ್ಲೇ ಇದ್ದೆ ಅಂತ ಲೆಕ್ಕ ಒಪ್ಪಿಸಿ, ಕೈ ಎತ್ತಿ ಪ್ರಮಾಣ ಮಾಡಿ, ಪೌರತ್ವವನ್ನೂ ತೆಗೆದುಕೊಂಡೆ. ಅಲ್ಲಿಗೆ ಆ ಪದದ ಋಣ ತೀರಿತು ಅಂದುಕೊಂಡಿದ್ದೆ.

2019ರಲ್ಲಿ ಅಮೆರಿಕದ ಬಫಲೋದಲ್ಲಿ ಒಂದು ಕೆಲಸ ಸಿಕ್ಕಿತು. ಟೊರಾಂಟೋದಿಂದ ಬಫಲೋಗೆ ಕಾರಿನಲ್ಲಿ ಹೆಚ್ಚುಕಮ್ಮಿ ಎರಡು ಗಂಟೆ ದಾರಿ. ಆದರೆ ನಡುವೆ ನಯಾಗರಾ ನದಿ ಇದೆ. ನದಿ ದಾಟಿದರೆ ಬೇರೆ ದೇಶ.

"ವೀಸಾ ಗೀಸಾ ಏನೂ ಬೇಡ ಮಾರಾಯ, ಟಿಎನ್ ತಗೋ" ಅಂದ ಗೆಳೆಯ. ಅವನು ನಾಲ್ಕು ವರ್ಷದಿಂದ ಆ ಕಡೆ ಕೆಲಸ ಮಾಡುತ್ತಿದ್ದ. ಕೆನಡಾ, ಅಮೆರಿಕ, ಮೆಕ್ಸಿಕೋ ಸೇರಿ ಮಾಡಿಕೊಂಡ ನಾಫ್ಟಾ ಅನ್ನುವ ವ್ಯಾಪಾರ ಒಪ್ಪಂದ 1994ರ ಜನವರಿ 1ರಿಂದ ಜಾರಿಯಲ್ಲಿತ್ತು. ಟೊಮ್ಯಾಟೊ, ಕಾರಿನ ಬಿಡಿಭಾಗಗಳ ಜೊತೆಗೆ ಓದಿದ ಮನುಷ್ಯರೂ ಗಡಿ ದಾಟಲಿ ಅಂತ ಅದರಲ್ಲಿ ಒಂದು ದಾರಿ ಬಿಟ್ಟಿದ್ದರು. ಅದೇ ಟಿಎನ್. ಮೆಕ್ಸಿಕೋದವರು ಮೊದಲು ವೀಸಾ ಕಚೇರಿಗೆ ಹೋಗಬೇಕು. ಕೆನಡಾದ ಪ್ರಜೆಗೆ ಆ ಕಾಟ ಇಲ್ಲ. ಕಾಗದ ಪತ್ರ ಹಿಡಿದುಕೊಂಡು ನೇರ ಗಡಿಗೆ ಹೋದರಾಯಿತು. ಅಲ್ಲಿರುವ ಅಧಿಕಾರಿ ನೋಡುತ್ತಾರೆ, ಪ್ರಶ್ನೆ ಕೇಳುತ್ತಾರೆ, ಹೂಂ ಅಥವಾ ಊಹೂಂ ಅನ್ನುತ್ತಾರೆ. ಅಲ್ಲೇ ಡ್ರಾ, ಅಲ್ಲೇ ಬಹುಮಾನ.

ಕೇಳಲು ಎಷ್ಟು ಸಲೀಸು ಅಲ್ವಾ? ನನಗೂ ಹಾಗೇ ಅನ್ನಿಸಿತ್ತು, ಪಟ್ಟಿ ನೋಡುವವರೆಗೆ.

ಯಾರು ಯಾರು ಬರಬಹುದು ಅಂತ ಒಪ್ಪಂದದಲ್ಲಿ 60 ಚಿಲ್ಲರೆ ವೃತ್ತಿಗಳ ಪಟ್ಟಿ ಇದೆ. ಪಟ್ಟಿಯಲ್ಲಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ನಾನು ಬೆರಳಿಟ್ಟು ಓದುತ್ತಾ ಹೋದೆ. ಗ್ರಂಥಪಾಲಕ ಇದ್ದಾನೆ. ಹೋಟೆಲ್ ಮ್ಯಾನೇಜರ್ ಇದ್ದಾನೆ. ಭೂಮಿ ಅಳೆಯುವವನಿದ್ದಾನೆ. ನಕ್ಷತ್ರ ನೋಡುವ ವಿಜ್ಞಾನಿ, ಮಣ್ಣು ನೋಡುವ ವಿಜ್ಞಾನಿ, ಕೋಳಿ ವಿಜ್ಞಾನಿ, ಹಾಲಿನ ವಿಜ್ಞಾನಿ, ಕೊನೆಗೆ ಜೇನುಹುಳದ ವಿಜ್ಞಾನಿಗೂ ಒಂದು ಸಾಲು. ಸಾಫ್ಟ್‌ವೇರ್ ಡೆವಲಪರ್ ಮಾತ್ರ ಎಲ್ಲೂ ಇಲ್ಲ. ಪಟ್ಟಿ ಬರೆದ ಕಾಲಕ್ಕೆ ನಮ್ಮ ಜಾತಿ ಅಷ್ಟಾಗಿ ಹುಟ್ಟಿರಲಿಲ್ಲ.

"ಇಷ್ಟು ವರ್ಷ ಜೇನು ಸಾಕಿದ್ರೆ ಇವತ್ತು ಒಂದು ದಾರಿ ಇರ್ತಿತ್ತು" ಅಂದಳು ಹೆಂಡತಿ, ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಾ.

ಗೆಳೆಯನೇ ಮತ್ತೆ ಕೈಹಿಡಿದ. ಪಟ್ಟಿಯಲ್ಲಿ 'ಕಂಪ್ಯೂಟರ್ ಸಿಸ್ಟಮ್ಸ್ ಅನಲಿಸ್ಟ್' ಅಂತ ಒಂದಿದೆ. ನಾವೆಲ್ಲ ತೂರಿಕೊಳ್ಳುವ ಕಿಂಡಿ ಅದೇ. ಆದರೆ ಹುಷಾರು. ಅನಲಿಸ್ಟ್ ಅಂದರೆ ಯೋಚಿಸುವವನು, ಪ್ರೋಗ್ರಾಮರ್ ಅಂದರೆ ಬರೆಯುವವನು. ಯೋಚಿಸುವವನಿಗೆ ಪ್ರವೇಶ ಉಂಟು, ಬರೆಯುವವನಿಗೆ ಇಲ್ಲ. "ಕೋಡ್ ಅನ್ನೋ ಪದ ಬಾಯಿಂದ ಉದುರಿದ್ರೆ ಮುಗೀತು ಕಥೆ" ಅಂದ.

ಹಾಗಾಗಿ ಮನೆಯಲ್ಲಿ ತಾಲೀಮು ಶುರುವಾಯಿತು. ಹೆಂಡತಿ ಊಟದ ಮೇಜಿನ ಆಚೆ ಕುರ್ಚಿ ಹಾಕಿಕೊಂಡು ಕೂತಳು. ಈಚೆ ನಾನು ಫೈಲು ಹಿಡಿದು ನಿಂತೆ.

"ಏನು ಕೆಲಸ?"

"ಕೋಡ್ ಬರೀ..."

"ವಾಪಸ್ ಹೋಗಿ. ನೆಕ್ಸ್ಟ್!"

ಹೊರಗೆ ಹೋಗಿ, ಬಾಗಿಲಿಂದ ಮತ್ತೆ ಬಂದೆ.

"ಏನು ಕೆಲಸ?"

"ಬಳಕೆದಾರರ ಅಗತ್ಯಗಳನ್ನು ಕೂಲಂಕಷವಾಗಿ ವಿಶ್ಲೇಷಿಸಿ, ತದನಂತರ..."

"ಅಯ್ಯೋ, ಹೀಗೆ ಹೇಳಿದ್ರೆ ನಂಗೇ ಅನುಮಾನ ಬರುತ್ತೆ. ನೋಡಿ, ತುಂಬಾ ಯೋಚನೆ ಮಾಡ್ಬೇಡಿ. ಭಾನುವಾರ ಸೋಫಾ ಮೇಲೆ ಕೂತು, ಮನೇಲಿ ಏನೇನು ಕೆಟ್ಟಿದೆ, ಯಾಕೆ ಕೆಟ್ಟಿದೆ, ಯಾರು ಸರಿಮಾಡ್ಬೇಕು ಅಂತ ಹೇಳ್ತೀರಲ್ಲ, ಏನೂ ಮಾಡದೆ? ಅದೇ ಅನಲಿಸ್ಟ್ ಕೆಲಸ. ಅದನ್ನೇ ನೆನೆಸ್ಕೊಂಡು ಮಾತಾಡಿ."

ಆಮೇಲೆ ಉತ್ತರ ಸರಾಗವಾಗಿ ಬಂತು.

ಮುಂದಿನ ತೊಡಕು ನನ್ನ ಹೆಸರು. ನಮ್ಮ ಕಡೆಯ ಡಿಗ್ರಿ ಸರ್ಟಿಫಿಕೇಟಿನಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಆ ಇನಿಷಿಯಲ್‌ಗಳು ಬಿಚ್ಚಿಕೊಂಡು ಒಂದು ಊರು, ಒಬ್ಬ ಅಪ್ಪ ಆಗಿದ್ದಾರೆ. ಬೇರೆ ದೇಶದ ಡಿಗ್ರಿ ಆದ್ದರಿಂದ ಅದು ಅಮೆರಿಕದ ಬ್ಯಾಚುಲರ್ ಡಿಗ್ರಿಗೆ ಸಮ ಅಂತ ಒಂದು ಸಂಸ್ಥೆಯಿಂದ ಬರೆಸಿದ್ದೆ. ಅವರು ಊರನ್ನೇ ನನ್ನ ಹೆಸರು ಮಾಡಿ, ನನ್ನನ್ನು ಕೊನೆಗೆ ತಳ್ಳಿದ್ದರು. ಮೂರು ಕಾಗದದಲ್ಲಿ ಮೂರು ಜನ. ಒಬ್ಬ ಓದಿದ್ದಾನೆ, ಒಬ್ಬನ ಓದು ಸಮ ಅಂತ ಆಗಿದೆ, ಮತ್ತೊಬ್ಬ ಗಡಿ ದಾಟಲು ಹೊರಟಿದ್ದಾನೆ. ಮೂವರೂ ನಾನೇ ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಿದೆ. ಸಹಿ ಹಾಕುವಾಗ ಯಾರ ಸಹಿ ಹಾಕಲಿ ಅಂತ ಒಂದು ಕ್ಷಣ ಕೈ ನಿಂತಿತ್ತು.

ಅಷ್ಟರಲ್ಲಿ ಕಂಪನಿಯ ಪತ್ರ ಬಂತು. ಟಿಎನ್‌ಗೆ ಈ ಪತ್ರವೇ ಜೀವ. ಹುದ್ದೆ ಯಾವುದು, ಕೆಲಸ ಏನು, ಎಷ್ಟು ಕಾಲ, ಸಂಬಳ ಎಷ್ಟು, ಎಲ್ಲ ಅದರಲ್ಲಿರಬೇಕು. ಹುದ್ದೆ ಸಿಸ್ಟಮ್ಸ್ ಅನಲಿಸ್ಟ್ ಅಂತಲೇ ಬರೆದಿದ್ದರು. ಕೋಡ್ ಅನ್ನುವ ಪದಕ್ಕೆ ಪುಟಪುಟ ಹುಡುಕಿದೆ, ಇರಲಿಲ್ಲ. ಎರಡನೇ ಪ್ಯಾರಾದಲ್ಲಿ 'ಪರ್ಮನೆಂಟ್, ಫುಲ್‌ಟೈಮ್ ಹುದ್ದೆ' ಅಂತ ಇತ್ತು. ಓದಿ ಕಣ್ಣು ತುಂಬಿ ಬಂತು. ತಕ್ಷಣ ಫೋಟೋ ತೆಗೆದು ಚಿಕ್ಕಪ್ಪನಿಗೆ ಕಳಿಸಿದೆ. ಎರಡೇ ನಿಮಿಷದಲ್ಲಿ ಅತ್ತ ಕಡೆಯಿಂದ ಹನ್ನೊಂದು ಕೈಮುಗಿಯುವ ಚಿತ್ರ ಬಂದವು.

ಹೊರಡುವ ದಿನ ಹಾಸಿಗೆಯ ಮಾತು ಬಂತು. ಮಗಳ ಶಾಲೆ ಮುಗಿಯುವವರೆಗೆ ಅವರಿಬ್ಬರೂ ಟೊರಾಂಟೋದಲ್ಲೇ, ನಾನೊಬ್ಬನೇ ಆ ಕಡೆ. ಅತಿಥಿಗಳ ಕೋಣೆಯಲ್ಲಿ ಎರಡು ತಿಂಗಳ ಹಿಂದೆ ಕೊಂಡ ಹಾಸಿಗೆ ಸುಮ್ನೆ ಬಿದ್ದಿತ್ತು. ಅಲ್ಲಿ ಹೋಗಿ ಮತ್ತೆ ದುಡ್ಡು ಸುರಿಯುವುದೇಕೆ ಅಂತ ಕಾರಿನ ತಲೆಯ ಮೇಲೆ ಹೊರಿಸಿ, ಕಿಟಕಿಯೊಳಗಿಂದ ಹಗ್ಗ ಹಾಯಿಸಿ ಕಟ್ಟಿದೆ. ಕಟ್ಟಿದ ಮೇಲೆ ಬಾಗಿಲು ತೆರೆಯಲಿಲ್ಲ. ಹಗ್ಗ ಬಿಚ್ಚಿ, ಬಾಗಿಲು ತೆರೆದಿಟ್ಟು, ಮತ್ತೆ ಕಟ್ಟಿದೆ. ಹೆದ್ದಾರಿಗೆ ಬಂದದ್ದೇ ತಡ, ಹಾಸಿಗೆಯ ಪ್ಲಾಸ್ಟಿಕ್ ಹೊದಿಕೆ ಗಾಳಿಗೆ ಪಟಪಟ ಅನ್ನಲು ಶುರು. ಹ್ಯಾಮಿಲ್ಟನ್ ದಾಟುವ ಹೊತ್ತಿಗೆ ಅದರ ಮುಂಭಾಗ ಟೋಪಿಯ ಅಂಚಿನ ಹಾಗೆ ಮೇಲೆದ್ದಿತ್ತು. ಎಡಗೈ ಕಿಟಕಿಯಿಂದ ಹೊರಗೆ ಹಾಕಿ ಅದನ್ನು ಒತ್ತಿ ಹಿಡಿದೇ ಗಡಿ ಮುಟ್ಟಿದೆ. ಪಕ್ಕದಲ್ಲಿ ಹೋದವರೆಲ್ಲ ನಾನು ಕೈ ಬೀಸುತ್ತಿದ್ದೇನೆ ಅಂದುಕೊಂಡು ತಾವೂ ಬೀಸಿದರು. ಈ ದೇಶದವರ ಸೌಜನ್ಯಕ್ಕೆ ಎಣೆಯಿಲ್ಲ.

ನಯಾಗರಾ ನದಿಯ ಮೇಲೆ ಕಾರು ದಾಟುವ ಗಡಿ ಸೇತುವೆ ನಾಲ್ಕಿವೆ. ಒಂದರಲ್ಲಿ ನೆಕ್ಸಸ್ ಕಾರ್ಡ್, ಅಂದರೆ ಮೊದಲೇ ತಪಾಸಣೆ ಮಾಡಿಸಿಕೊಂಡವರಿಗೆ ಕೊಡುವ ಕಾರ್ಡ್, ಇದ್ದವರಿಗೆ ಮಾತ್ರ ಪ್ರವೇಶ. ಉಳಿದ ಮೂರರಲ್ಲಿ ನಾನು ಯಾವುದಕ್ಕೆ ಹೋದೆ ಅಂತ ಹೇಳುವುದಿಲ್ಲ. ಆ ಅಧಿಕಾರಿ ಒಳ್ಳೆಯ ಮನುಷ್ಯ. ಸುಮ್ನೆ ಯಾಕೆ?

ಕಾರು ನಿಲ್ಲಿಸಿ ಒಳಗೆ ಹೋದೆ. ಒಂದು ಗಂಟೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಅನಲಿಸ್ಟ್, ಅನಲಿಸ್ಟ್ ಅಂತ ಜಪ ಮಾಡಿದೆ. ಜೇಬಿನಲ್ಲಿ ಶುಲ್ಕದ 56 ಡಾಲರ್ ಬೇರೆಯಾಗಿ ಮಡಚಿಟ್ಟಿದ್ದೆ. ನನ್ನ ಹೆಸರು ಕರೆದರು. ಅಂದರೆ ನಮ್ಮೂರಿನ ಹೆಸರು ಕರೆದರು. ಎದ್ದು ಹೋದೆ.

"ಏನು ಕೆಲಸ?"

ಸೋಫಾ ನೆನೆಸಿಕೊಂಡು ಹೇಳಿದೆ. ಅವರು ತಲೆಯಾಡಿಸಿದರು. ಡಿಗ್ರಿ ನೋಡಿದರು. ಅಫಿಡವಿಟ್ ನೋಡಿ ಒಮ್ಮೆ ನನ್ನ ಮುಖ ನೋಡಿದರು, ಮೂವರಲ್ಲಿ ಯಾರಿರಬಹುದು ಅನ್ನುವ ಹಾಗೆ. ಆಮೇಲೆ ಪತ್ರ ಕೈಗೆತ್ತಿಕೊಂಡರು. ಅವರ ಹೆಬ್ಬೆರಳು ಸಾಲಿನ ಪಕ್ಕದಲ್ಲೇ ಇಳಿಯುತ್ತಾ ಬಂತು. ಉಗುರಿನ ಪಕ್ಕ ನೀಲಿ ಶಾಯಿಯ ಕಲೆ ಇತ್ತು. ಎರಡನೇ ಪ್ಯಾರಾದಲ್ಲಿ ಹೆಬ್ಬೆರಳು ನಿಂತಿತು.

"ಇಲ್ಲಿ ಪರ್ಮನೆಂಟ್ ಅಂತ ಇದೆಯಲ್ಲ?"

"ಹೌದು ಸರ್!" ಅಂದೆ. ಎದೆ ಉಬ್ಬಿಸಿ ಅಂದೆ. ಚಿಕ್ಕಪ್ಪನೇ ಆ ಕಡೆ ಕೂತು ಕೇಳಿದ ಹಾಗಾಗಿತ್ತು.

ಅವರು ಪೆನ್ನು ಕೆಳಗಿಟ್ಟರು. "ಟಿಎನ್ ತಾತ್ಕಾಲಿಕ. ಒಂದು ಸಲಕ್ಕೆ ಹೆಚ್ಚೆಂದರೆ ಮೂರು ವರ್ಷ. ಕೆಲಸ ಮುಗಿದ ಮೇಲೆ ನೀವು ವಾಪಸ್ ಹೋಗ್ತೀರಿ ಅಂತ ನನಗೆ ಖಾತ್ರಿಯಾಗಬೇಕು."

"ಹೋಗ್ತೀನಿ ಸರ್. ಪರ್ಮನೆಂಟ್ ಅಂದ್ರೆ, ಸದ್ಯಕ್ಕೆ ಪರ್ಮನೆಂಟ್."

ಆ ಉತ್ತರಕ್ಕೆ ತಾಲೀಮು ಆಗಿರಲಿಲ್ಲ. ಕೋಡ್ ಅನ್ನುವ ಒಂದೇ ಕಳ್ಳನಿಗೆ ಅಂತ ಮನೆಗೆಲ್ಲ ಬೀಗ ಹಾಕಿದ್ದೆವು. ಈ ಇನ್ನೊಬ್ಬ ಮುಂಬಾಗಿಲಿನಿಂದ, ಅದೂ ನಾವೇ ಆರತಿ ಎತ್ತಿ, ಒಳಗೆ ಬಂದಿದ್ದ.

ಅವರು ಕಿಟಕಿಯ ಕಡೆ ನೋಡಿದರು. ನಾನೂ ನೋಡಿದೆ. ಹೊರಗೆ ನನ್ನ ಕಾರು. ಕಾರಿನ ಮೇಲೆ ಹಾಸಿಗೆ. ಗಾಳಿಗೆ ಅದರ ಮುಂಭಾಗ ಒಂದು ಸಲ ಮೇಲೆದ್ದು ಬಿತ್ತು, ನಮಸ್ಕಾರ ಮಾಡಿದ ಹಾಗೆ.

"ಅದು ನಿಮ್ಮದಾ?"

"ಹೌದು ಸರ್."

"ತಾತ್ಕಾಲಿಕ?"

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳಿದ್ದಾರೆ. ಹಾಸಿಗೆಯನ್ನೇ ಇನ್ನೊಂದು ದೇಶಕ್ಕೆ ಚಾಚುವವನಿಗೆ ಏನು ಹೇಳಬೇಕು ಅಂತ ಅವರಿಗೂ ಹೊಳೆದಿರಲಿಕ್ಕಿಲ್ಲ. ಅಧಿಕಾರಿ ಗದರಲಿಲ್ಲ. ಅರ್ಜಿ ನೀವೇ ಹಿಂದಕ್ಕೆ ತೆಗೆದುಕೊಳ್ಳಿ, ಪತ್ರ ಸರಿ ಮಾಡಿಸಿಕೊಂಡು ಬನ್ನಿ ಅಂದರು. 56 ಡಾಲರ್ ಮಡಚಿದ ಹಾಗೇ ಜೇಬಿನಲ್ಲಿ ಉಳಿಯಿತು.

ಕಾರು ತಿರುಗಿಸಿದೆ. ಅವಮಾನ ಅಲ್ಲಿಗೆ ಮುಗಿಯಲಿಲ್ಲ. ಸೇತುವೆಯ ಈ ತುದಿಯಲ್ಲಿ ಕೆನಡಾದ ಸುಂಕದ ಕಟ್ಟೆ ಇದೆಯಲ್ಲ! ಅಲ್ಲೊಬ್ಬ ಹುಡುಗಿ ಕೂತಿದ್ದಳು.

"ಎಷ್ಟು ಹೊತ್ತು ದೇಶದಿಂದ ಹೊರಗಿದ್ರಿ?"

"ಒಂದೂವರೆ ಗಂಟೆ."

"ಏನಾದರೂ ತರ್ತಾ ಇದ್ದೀರಾ?"

ತಲೆಯ ಮೇಲೆ ಹೊತ್ತುಕೊಂಡು ಇಲ್ಲ ಅನ್ನುವುದು ಹೇಗೆ? "ಹಾಸಿಗೆ" ಅಂದೆ.

ಆ ಹುಡುಗಿಯ ಹುಬ್ಬು ಮೇಲೆ ಹೋಯಿತು. 24 ಗಂಟೆಗಿಂತ ಕಡಿಮೆ ಹೊರಗಿದ್ದು ಬಂದರೆ ಒಂದು ಡಾಲರಿನ ಸಾಮಾನಿಗೂ ಸುಂಕದ ರಿಯಾಯಿತಿ ಇಲ್ಲ. ಒಂದೂವರೆ ಗಂಟೆಯಲ್ಲಿ ಆ ಕಡೆ ಹೋಗಿ, ಪ್ಲಾಸ್ಟಿಕ್ ಕೂಡ ಬಿಚ್ಚದ ಹಾಸಿಗೆ ಹೊತ್ತು ಬಂದವನನ್ನು ಕಂಡರೆ ಯಾರಿಗಾದರೂ ಏನನ್ನಿಸುತ್ತದೆ? ಅಗ್ಗಕ್ಕೆ ಸಿಕ್ಕಿತು ಅಂತ ತಂದಿದ್ದಾನೆ ಅಂತಲೇ.

"ಇದು ಇಲ್ಲಿಂದಲೇ ಹೋಗಿದ್ದು. ಒಳಗೆ ಬಿಡಲಿಲ್ಲ" ಅಂದೆ.

"ಹಾಸಿಗೇನಾ?"

"ನನ್ನನ್ನ."

ರಸೀದಿ ಇದೆಯಾ ಅಂತ ಕೇಳಿದಳು. ಬದಿಗೆ ನಿಲ್ಲಿಸಿ ಹೆಂಡತಿಗೆ ಫೋನ್ ಹಚ್ಚಿದೆ. "ತಲುಪಿದ್ರಾ?" ಅಂದಳು. "ವಾಪಸ್ ತಲುಪಿದೆ, ಹಾಸಿಗೆ ರಸೀದಿ ಕಳಿಸು" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. "ರೀ, ಅವರೂ ಹಾಸಿಗೆ ಬೇಡ ಅಂದ್ರಾ?" ಅಂದಳು. ರಸೀದಿ ಸಿಗಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ನಾನು ಎರಡು ದೇಶದ ನಡುವೆ, ಪೂರ್ತಿ ತಾತ್ಕಾಲಿಕವಾಗಿ, ಕಾರಿಗೆ ಒರಗಿ ನಿಂತಿದ್ದೆ. ಈ ಸ್ಥಿತಿಯಲ್ಲಿ ಆ ಅಧಿಕಾರಿ ನೋಡಿದ್ದರೆ ಅಲ್ಲೇ ಮುದ್ರೆ ಒತ್ತಿಬಿಡುತ್ತಿದ್ದರೇನೋ.

ಎರಡು ವಾರದ ಮೇಲೆ ಹೊಸ ಪತ್ರ ಬಂತು. 'ಮೂರು ವರ್ಷಗಳ ಅವಧಿಯ ತಾತ್ಕಾಲಿಕ ಹುದ್ದೆ.' ಅದೇ ಸೇತುವೆ, ಅದೇ ಕುರ್ಚಿ. ನನ್ನ ಪುಣ್ಯಕ್ಕೆ ಅದೇ ಅಧಿಕಾರಿ. ಎಲ್ಲ ಓದಿದರು. ಹೆಬ್ಬೆರಳು ಈ ಸಲ ಎಲ್ಲೂ ನಿಲ್ಲಲಿಲ್ಲ. ಕೊನೆಗೆ ಕಿಟಕಿಯ ಕಡೆ ತಿರುಗಿ ನೋಡಿದರು. ಬೋಳು ತಲೆಯ ಕಾರು.

"ಹಾಸಿಗೆ?"

"ಮನೇಲೇ ಬಿಟ್ಟು ಬಂದೆ ಸರ್."

ನಕ್ಕರೋ ಇಲ್ಲವೋ ಗೊತ್ತಾಗಲಿಲ್ಲ. 56 ಡಾಲರ್ ಕಟ್ಟಿಸಿಕೊಂಡು, ಐ-94 ಅನ್ನುವ ಬಿಳಿಯ ಪ್ರವೇಶ ಚೀಟಿಯನ್ನು ಪಾಸ್‌ಪೋರ್ಟಿಗೆ ಪಿನ್ ಹೊಡೆದು ಕೊಟ್ಟರು. ಅದರ ಮೇಲೆ ನಾನು ಯಾವ ದಿನ ಮುಗಿಯುತ್ತೇನೆ ಅಂತ ತಾರೀಖು ಬರೆದಿತ್ತು. (ಮರುವರ್ಷ, 2020ರ ಜುಲೈ 1ರಂದು, ನಾಫ್ಟಾ ಹೋಗಿ ಅದರ ಜಾಗಕ್ಕೆ ಹೊಸ ಒಪ್ಪಂದ ಬಂತು. ಆಸೆಯಿಂದ ಪಟ್ಟಿ ತೆಗೆದು ನೋಡಿದೆ. ಜೇನಿನವನು ಇದ್ದಲ್ಲೇ ಇದ್ದ. ನಾವು ಇನ್ನೂ ಬಂದಿರಲಿಲ್ಲ.)

ಮೊದಲ ರಾತ್ರಿ ಬಫಲೋದ ಬಾಡಿಗೆ ಮನೆಯಲ್ಲಿ, ಚಳಿಗಾಲದ ಕೋಟು ಹಾಸಿಕೊಂಡು ನೆಲದ ಮೇಲೆ ಮಲಗಿದ್ದೆ. ಆಗ ಚಿಕ್ಕಪ್ಪನ ಫೋನ್ ಬಂತು. ನಡೆದದ್ದೆಲ್ಲ ಹೇಳಿಬಿಡೋಣ, ಪತ್ರ ಬದಲಾಗಿದೆ, ಆ ಪದ ಹೋಗಿದೆ ಅಂತ ಹೇಳಿಬಿಡೋಣ ಅಂತ ಬಾಯಿ ತೆರೆದೆ.

"ಚಿಕ್ಕಪ್ಪ, ಆ ಲೆಟರ್ ಇದೆಯಲ್ಲ..."

"ಅದಾ? ಪ್ರಿಂಟ್ ತೆಗೆಸಿ, ಲ್ಯಾಮಿನೇಟ್ ಮಾಡ್ಸಿ, ಹಾಲ್‌ನಲ್ಲಿ ತೂಗು ಹಾಕಿದ್ದೀನಿ ಕಣೋ. ಎರಡನೇ ಪ್ಯಾರಾಕ್ಕೆ ಕೆಂಪು ಗೀಟು ಎಳೆದಿದ್ದೀನಿ. ಬಂದವರಿಗೆಲ್ಲ ಹುಡುಕೋ ಕಷ್ಟ ಯಾಕೆ?"